ಹೂ ಕಟ್ಟುವವರು ಕೇಳಿದ ಪುಸ್ತಕಗಳು

ಹರಪನಹಳ್ಳಿಯಿಂದ ಹೂವಿನಹಡಗಲಿಗೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಬಂದ ಮೂರನೇ ದಿನಕ್ಕೇ ಮನೆಯವರಿಗೆಲ್ಲ ಗೊತ್ತಾಯಿತು, ಹೊಸ ಸೊಸೆಗೆ ಹೂ ಕಟ್ಟಲು ಬರುವುದಿಲ್ಲ ಎಂದು. ಹಡಗಲಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಬೆಳಗಿನ ಜಾವ ನಮ್ಮ ತೋಟದಲ್ಲಿ ಬಿಡಿಸಿದ ಮಲ್ಲಿಗೆ ಮೊಗ್ಗು ಮಧ್ಯಾಹ್ನದ ಬಸ್ಸಿಗೆ ಮಾಲೆಯಾಗಿ ಹತ್ತಬೇಕು. ನಾನು ಕಟ್ಟಿದ ಮಾಲೆಯನ್ನು ಅತ್ತೆ ಎತ್ತಿದರೆ ದಾರ ಅವರ ಕೈಯಲ್ಲಿ ಉಳಿದು ಹೂವೆಲ್ಲ ಚಾಪೆಗೆ ಬೀಳುತ್ತಿತ್ತು. ಒಂದು ವಾರ ತಡೆದುಕೊಂಡ ಅವರು, “ನೀ ಹೂವು ಮುಟ್ಟಬ್ಯಾಡವಾ. ಕಾಲೇಜು ಕಲತೀದಿ ಅಂತಾರಲ್ಲ, ಏನರ ಓದಿ ಹೇಳು. ಹೆಂಗೂ ರೇಡಿಯೋ ಕೆಟ್ಟೈತಿ,” ಎಂದರು. ಹೀಗೆ ನಾನು ರೇಡಿಯೋ ಜಾಗಕ್ಕೆ ನೇಮಕವಾದೆ.

ಪಡಸಾಲೆಯಲ್ಲಿ ಹೂ ಕಟ್ಟಲು ಕೂರುತ್ತಿದ್ದವರು ಮೂವರು. ಒಬ್ಬರು ಅತ್ತೆ. ಇನ್ನೊಬ್ಬರು ಪಕ್ಕದ ಮನೆಯ ಚಾಚಿ. ಅವರ ಯಜಮಾನರದು ಬಸ್ ನಿಲ್ದಾಣದ ಹತ್ತಿರ ರದ್ದಿ ಅಂಗಡಿ. ಮೂರನೆಯವಳು ಕುರಿಯಜ್ಜಿ. ವಯಸ್ಸೆಲ್ಲ ಕುರಿ ಹಿಂದೆ ನಡೆದು, ಮೊಣಕಾಲು ಕೈಕೊಟ್ಟ ಮೇಲೆ ಹೂವಿಗೆ ಬಂದವಳು. ಮೂವರಿಗೂ ಅಕ್ಷರ ಬರುತ್ತಿರಲಿಲ್ಲ. ಆದರೆ ಕಿವಿ ಮಾತ್ರ ಬಹಳ ಚುರುಕು.

ಪುಸ್ತಕಗಳನ್ನು ಚಾಚಿಯೇ ತರುತ್ತಿದ್ದರು. ಯಾರೋ ತೂಕಕ್ಕೆ ಹಾಕಿದ ರದ್ದಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುವರು. ಹಾಗಾಗಿ ಇವತ್ತು ಏನು ಓದುತ್ತೇನೆ ಎನ್ನುವುದು ನನಗೂ ಗೊತ್ತಿರುತ್ತಿರಲಿಲ್ಲ.

ಮೊದಲು ಬಂದದ್ದು ಜೀವನದಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕ. ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದವನು ಗೆದ್ದೇ ಗೆಲ್ಲುತ್ತಾನೆ ಎಂದು ಅದರಲ್ಲಿತ್ತು. ಅತ್ತೆಯ ಕೈ ನಿಂತಿತು. “ನಾ ನಾಕು ಗಂಟಿಗೆ ಏಳಾಕ ಹತ್ತಿ ಮೂವತ್ತು ವರ್ಷ ಆತು. ಇನ್ನ ಎಷ್ಟು ದಿನಕ್ಕ ಗೆಲ್ಲತೀನಿ ಅಂತ ಬರದಾನ, ನೋಡು.” ನಾನು ಪುಟ ತಿರುವಿ ತಿರುವಿ ನೋಡಿದೆ. ಅದೊಂದನ್ನು ಬರೆದಿರಲಿಲ್ಲ. ಪುಸ್ತಕ ಅಂದೇ ರದ್ದಿಗೆ ಮರಳಿತು.

ಆಮೇಲೆ ಒಂದು ಪ್ರೇಮ ಕಾದಂಬರಿ. ಸಣ್ಣದೊಂದು ತಪ್ಪು ತಿಳಿವಳಿಕೆಯಿಂದ ಹುಡುಗ ಹುಡುಗಿ ಇನ್ನೂರು ಪುಟ ಮಾತು ಬಿಡುತ್ತಾರೆ. ಓದುತ್ತಾ ನನಗೇ ಕಣ್ಣು ತುಂಬಿಬಂದವು. ಚಾಚಿ ಕನಿಕರದಿಂದ ನನ್ನನ್ನೇ ನೋಡಿ, “ಅಳಬ್ಯಾಡ ಬೇಟಿ. ಇಬ್ಬರ ಮನಿ ಎದುರಾಬದುರ ಅದಾವು ಅಂತ ಅವನ ಬರದಾನಲ್ಲ? ಬಾಗಲಾ ತಗದು ಕೇಳಿದ್ರ ಒಂದು ನಿಮಿಷದಾಗ ಮುಗೀತಿತ್ತು,” ಎಂದರು. ವಿದೇಶ ಪ್ರವಾಸ ಹೋದವರೊಬ್ಬರು ಊರೆಲ್ಲ ಸುತ್ತಿ ಅನ್ನ ಹುಡುಕಿದ ಕತೆ ಕುರಿಯಜ್ಜಿಗೆ ಸೇರಲಿಲ್ಲ. “ನಾವು ಕುರಿ ಹೊಡಕೊಂಡು ಹೊಂಟ್ರ ಎಂಟು ದಿನದ ರೊಟ್ಟಿ ಕಟಗೊಂಡ ಹೋಗತಿದ್ವಿ. ಇಷ್ಟು ಓದಿದಾಂವಗ ಅಷ್ಟು ತಿಳೀಬಾರದಾ?” ಎಂದಳು. ಅದೇ ಅಜ್ಜಿ ಒಂದು ಕವನ ಪುಸ್ತಕವನ್ನು ಮಾತ್ರ ಎರಡು ದಿನ ಓದಿಸಿದಳು. ತಿಳಿಯಿತೇ ಎಂದು ಕೇಳಿದೆ. “ಒಂದಕ್ಷರ ತಿಳೀಲಿಲ್ಲವ್ವಾ. ಕಿವಿಗೆ ಹಿತ ಆಗತೈತಿ. ಓದು,” ಅಂದಳು.

ನಿಜವಾದ ಗಲಾಟೆ ಶುರುವಾದದ್ದು ಪತ್ತೇದಾರಿ ಕಾದಂಬರಿಯಿಂದ. ಒಬ್ಬ ಜಮೀನ್ದಾರ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುತ್ತಾನೆ. ಅನುಮಾನ ಮೂವರ ಮೇಲೆ: ಎರಡನೇ ಹೆಂಡತಿ, ಅಡುಗೆಯವನು, ಡಾಕ್ಟರು. ಐದು ದಿನ ಯಾರೂ ಎದ್ದು ನೀರು ಕುಡಿಯಲಿಲ್ಲ. ಆರನೇ ದಿನ ಪತ್ತೇದಾರ ಎಲ್ಲರನ್ನೂ ನಡುಮನೆಗೆ ಕರೆದು, ಕೊಲೆಗಾರ ಇಲ್ಲೇ ಇದ್ದಾನೆ ಎಂದು ಬೆರಳು ಎತ್ತಿದ. ನಾನು ಪುಟ ತಿರುವಿದೆ. ಪುಟ ಇರಲಿಲ್ಲ. ಕೊನೆಯ ಇಪ್ಪತ್ತು ಪುಟಗಳನ್ನು ಯಾರೋ ಹರಿದುಕೊಂಡಿದ್ದರು.

ಚಾಚಿಯ ಮುಖ ಸಣ್ಣದಾಯಿತು. “ನಮ್ಮವರದ ಕೆಲಸ ಇದು. ಶೇಂಗಾ ಪೊಟ್ಟಣ ಕಟ್ಟೋರಿಗೆ ಹರದು ಕೊಟ್ಟಾರ,” ಎಂದರು.

ಮುಂದಿನ ಎರಡು ದಿನ ಪಡಸಾಲೆಯಲ್ಲಿ ಬರೀ ವಾದ. ಅತ್ತೆ ಡಾಕ್ಟರನ್ನು ಹಿಡಿದರು: “ಯಾರೂ ಕರೀದಂಗ ದಿನಾ ಮನಿಗೆ ಬರೋ ಡಾಕ್ಟರು ಎಲ್ಲಿ ಅದಾನ?” ಚಾಚಿ ಅಡುಗೆಯವನನ್ನು ಬಿಡಲಿಲ್ಲ. ಅಜ್ಜಿಗೆ ಎರಡನೇ ಹೆಂಡತಿಯ ಮೇಲೆ ಕಣ್ಣು. ಮಾತಿನ ಭರದಲ್ಲಿ ಗಂಟು ಸಡಿಲಾಗಿ, ಮಾಲೆಗಳು ನಾನು ಕಟ್ಟಿದ ಹಾಗೆ ಉದುರತೊಡಗಿದವು. ಬಸ್ಸಿಗೆ ಹೂ ಏರಿಸುವವನು ಬಂದು, “ಹೊಸ ಸೊಸಿ ಕೈಯಾಗ ಮತ್ತ ಕಟ್ಟಸಾಕ ಹತ್ತೀರೇನ್ರೀ?” ಎಂದು ಕೇಳಿದ.

ಇದಕ್ಕೊಂದು ಕೊನೆ ಹಾಡಬೇಕೆಂದು ನಾನು ಮೂರನೇ ದಿನ ಒಂದು ಸುಳ್ಳು ಹೇಳಿದೆ. ಹರಿದ ಪುಟ ರಟ್ಟಿನ ಸಂದಿಯಲ್ಲಿ ಸಿಕ್ಕಿತು ಎಂದೆ. ಬೇರೆ ಯಾವುದೋ ಪುಸ್ತಕದ ಹಾಳೆಯೊಂದನ್ನು ಮುಂದೆ ಹಿಡಿದು ಬಾಯಿಗೆ ಬಂದ ಹಾಗೆ ಕತೆ ಕಟ್ಟಿದೆ. ಅತ್ತೆಯ ಮನಸ್ಸು ಗೆಲ್ಲುವ ಆಸೆಗೆ ಡಾಕ್ಟರನ್ನೇ ಕೊಲೆಗಾರನನ್ನಾಗಿ ಮಾಡಿದೆ. ಅವನು ತಪ್ಪೊಪ್ಪಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಅತ್ತೆ ಹೂವಿನಿಂದ ತಲೆ ಎತ್ತದೆ ಹೇಳಿದರು: “ನಾ ಇಷ್ಟೊತ್ತಿಗೆ ನಾಕು ಮಾರು ಕಟ್ಟೀನಿ. ನೀ ಒಂದ ಹಾಳಿ ಹಿಡಕೊಂಡು ಕುಂತೀದಿ. ಅದೆಷ್ಟು ಸಣ್ಣ ಅಕ್ಷರದಾಗ ಬರದಾನವಾ?”

ನಾನು ತಲೆ ತಗ್ಗಿಸಿದೆ. ಕುರಿಯಜ್ಜಿ ಮಾತ್ರ, “ಇರಲಿ ಬಿಡು, ಪೊಲೀಸರು ಬರೋಮಟ ಹೇಳಿ ಮುಗಸು,” ಎಂದಳು. ಮುಗಿಸಿದೆ. ಅತ್ತೆ ಅಭಿಪ್ರಾಯ ಕೊಟ್ಟರು: “ನನ್ನ ಖುಷಿಗೆ ಡಾಕ್ಟರನ್ನ ಹಿಡದಿ, ಅದು ಗೊತ್ತಾತು. ಆದ್ರ ಕೊಲಿ ಮಾಡಿದಾಂವ ಅಷ್ಟ್ಯಾಕ ಅಳತಾನ? ಅಳೋದು ನಿನ್ನ ಚಟ, ಅವನದಲ್ಲ.”

ಅವತ್ತು ಸಂಜೆ ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕವರು ನನ್ನ ಯಜಮಾನರು. ಅವರು ಕೊಟ್ಟೂರಿನಲ್ಲಿ ಮೇಷ್ಟ್ರಾಗಿದ್ದರು. ಹದಿನೈದು ದಿನ ಅಲ್ಲಿ ಇಲ್ಲಿ ವಿಚಾರಿಸಿ, ಸಹೋದ್ಯೋಗಿಯೊಬ್ಬರ ಮನೆಯ ಅಟ್ಟದಿಂದ ಆ ಕಾದಂಬರಿಯ ಪೂರ್ತಿ ಪ್ರತಿ ತಂದರು. ಈ ಸಲ ಅತ್ತೆ ನನ್ನ ಪಕ್ಕದಲ್ಲೇ ಕುಳಿತು, ನಾನು ಹಾಳೆ ತಿರುವುವುದನ್ನು ಎಣಿಸಿದರು. ಪತ್ತೇದಾರನ ಬೆರಳು ಬಾಗಿಲ ಕಡೆ ತಿರುಗಿತು. ಬಾಗಿಲಲ್ಲಿ ಜಮೀನ್ದಾರನ ಅವಳಿ ತಮ್ಮ ನಿಂತಿದ್ದ. ಅವನೇ ಕೊಲೆಗಾರ.

“ಯಾರಿಂವ? ಯಾವಾಗ ಬಂದ?” ಎಂದರು ಅತ್ತೆ.

“ಈಗ ಬಂದನ್ರಿ, ಅತ್ತಿ.”

“ಮದ್ಲು ಇದ್ದನೇನು?”

“ಇಲ್ಲರಿ.”

ಚಾಚಿ ಹೂವಿನ ಬುಟ್ಟಿ ಸರಿಸಿದರು. “ಇದು ದಗಾ. ನಾವು ಮೂರು ಮಂದಿ ಎಂಟು ದಿನ ತಲಿ ಕೆಡಿಸಿಕೊಂಡ್ವಿ. ಇವನ್ಯಾರೋ ಈಗ ಬಸ್ಸಿಳಿದು ಬರತಾನ. ಬರದಾಂವಗ ಕಾಗದ ಹಾಕು ಬೇಟಿ.”

ಅವರು ಹೇಳಿದರು, ನಾನು ಬರೆದೆ. ‘ದಗಾ’ ಎಂದದ್ದನ್ನು ‘ಸ್ವಲ್ಪ ನಿರಾಸೆ’ ಎಂದು ಬರೆದೆ. ಆದರೆ ಒಮ್ಮೆ ಕೈಗೆ ಸಿಕ್ಕಿಬಿದ್ದವಳನ್ನು ಅತ್ತೆ ನಂಬಲಿಲ್ಲ. ಸಂಜೆ ಮಗನ ಕೈಯಲ್ಲಿ ಕಾಗದ ಓದಿಸಿದರು. ಹರಿದು ಹಾಕಿ ಮತ್ತೆ ಬರೆಸಿದರು. ಪುಸ್ತಕ ಚೆನ್ನಾಗಿದೆ, ಕೊನೆಗೆ ದಗಾ ಮಾಡಿದ್ದೀರಿ, ಡಾಕ್ಟರ ಮೇಲಿನ ಅನುಮಾನಕ್ಕೆ ಉತ್ತರ ಕೊಡಿ ಎಂದು ಪ್ರಕಾಶಕರ ವಿಳಾಸಕ್ಕೆ ಕಾಗದ ಹೋಯಿತು.

ಒಂದೂವರೆ ತಿಂಗಳಾದ ಮೇಲೆ ಕಾರ್ಡು ಬಂತು. ಕಾದಂಬರಿಕಾರರು ತಮ್ಮ ಕೈಯಿಂದಲೇ ಬರೆದಿದ್ದರು: ತಮ್ಮ ಮನಸ್ಸಿನಲ್ಲೂ ಕೊಲೆಗಾರ ಡಾಕ್ಟರೇ ಇದ್ದನಂತೆ, ಓದುಗರು ಸುಲಭವಾಗಿ ಕಂಡುಹಿಡಿಯುತ್ತಾರೆ ಎಂದು ಪ್ರಕಾಶಕರು ಒಪ್ಪಲಿಲ್ಲವಂತೆ, ಒಂದೇ ದಿನದಲ್ಲಿ ಅವಳಿ ತಮ್ಮನನ್ನು ಹುಟ್ಟಿಸಬೇಕಾಯಿತಂತೆ. ಅತ್ತೆ ಆ ಕಾರ್ಡನ್ನು ನನ್ನಿಂದ ಒಮ್ಮೆ, ಮಗನಿಂದ ಒಮ್ಮೆ, ಕೊನೆಗೆ ಅದನ್ನು ತಂದ ಪೋಸ್ಟಿನವನನ್ನೇ ಮಾರನೇ ದಿನ ತಡೆದು ನಿಲ್ಲಿಸಿ ಇನ್ನೊಮ್ಮೆ ಓದಿಸಿದರು. ಆ ವಾರ ಅವರ ಕೈಯಿಂದ ಹೂ ಕೊಂಡವರೆಲ್ಲರಿಗೂ ಡಾಕ್ಟರನ ಕತೆ ಪುಕ್ಕಟೆ ಸಿಕ್ಕಿತು. “ಪಾಪ, ಖರೇ ಹೇಳ್ಯಾನ. ಅವನ ಇನ್ನೊಂದು ಪುಸ್ತಕ ಹುಡುಕು,” ಎಂದು ಚಾಚಿಗೆ ಹೇಳಿದರು.

ಎರಡು ವರ್ಷವಾದ ಮೇಲೆ ನಾನೇ ಒಂದು ಕತೆ ಬರೆದೆ. ವಾರಪತ್ರಿಕೆಗೆ ಕಳಿಸುವ ಮುಂಚೆ ಪಡಸಾಲೆಯಲ್ಲಿ ಓದಿದೆ. ಮೂರನೇ ಪುಟಕ್ಕೆ ಅತ್ತೆ ಗೋಡೆಗೊರಗಿ ನಿದ್ದೆ ಹೋಗಿದ್ದರು. ಚಾಚಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಿಟ್ಟು ಬಂತು, ಎದ್ದು ಒಳಗೆ ಹೋದೆ. ಮಾರನೇ ದಿನ ಸಿಟ್ಟಿಳಿದ ಮೇಲೆ ಆ ಮೂರು ಪುಟಗಳನ್ನು ಕಿತ್ತುಹಾಕಿ, ಅತ್ತೆ ಮಲಗಿದ ಜಾಗದಿಂದಲೇ ಕತೆ ಶುರು ಮಾಡಿ ಅಂಚೆಗೆ ಹಾಕಿದೆ. ಅದು ಅಚ್ಚಾಯಿತು. ಹೆಮ್ಮೆಯಿಂದ ಅತ್ತೆಗೆ ಓದಿ ಹೇಳಿದೆ. ಕೊನೆಯವರೆಗೂ ಎಚ್ಚರವಾಗಿದ್ದು ಕೇಳಿದರು.

“ಹೆಂಗೈತ್ರಿ, ಅತ್ತಿ?” ಎಂದೆ.

“ಚಲೋ ಐತಿ,” ಎಂದರು. ಆಮೇಲೆ ಸ್ವಲ್ಪ ಯೋಚಿಸಿ, “ಆದ್ರ ಮದಲಿಂದು ಭಾಳ ಚಲೋ ನಿದ್ದಿ ಬರಸಿತ್ತು ನೋಡು,” ಎಂದು ಮೊಗ್ಗಿನ ಬುಟ್ಟಿಗೆ ಕೈ ಹಾಕಿದರು.