ಕೊಬ್ಬಿನ ದಾನ

ನನ್ನ ಬೆಲ್ಟಿಗೆ ಹುಟ್ಟಿನಿಂದ ಬಂದ ತೂತುಗಳು ಸಾಲದೆ, ಅರಸೀಕೆರೆ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ರಂಗಪ್ಪ ತುದಿಯಲ್ಲಿ ಹೊಸದೊಂದನ್ನು ಕೊರೆದುಕೊಟ್ಟ. "ಇದಾದ್ಮೇಲೆ ತೊಗಲೇ ಇಲ್ಲ ಸ್ವಾಮಿ," ಎಂದು ಎಚ್ಚರಿಸಿದ. ತೆಂಗಿನ ಸೀಮೆಯಲ್ಲಿ ಹುಟ್ಟಿ, ಕಾಯಿಹೋಳಿಗೆಗೆ ಬೇಡವೆನ್ನುವ ಅವಿನಯವನ್ನು ಎಂದೂ ತೋರದ ನನ್ನ ಉದರ ಉದಾರವಾಗಿ ಬೆಳೆದದ್ದರಲ್ಲಿ ಆಶ್ಚರ್ಯವೇನಿದೆ, ನೀವೇ ಹೇಳಿ.

ಆ ಉದರದಲ್ಲೇ ಹರ್ನಿಯಾ ಕಾಣಿಸಿಕೊಂಡು, ಅದರ ಜೊತೆಗೆ ಜೋತುಬಿದ್ದ ಕೊಬ್ಬನ್ನೂ ತೆಗೆಯುವುದೆಂದು ವೈದ್ಯರು ನಿಶ್ಚಯಿಸಿದಾಗ, ಯುವ ಸಂಶೋಧಕಿಯೊಬ್ಬಳು ಬಂದು ಆ ಕೊಬ್ಬನ್ನು ಪ್ರಯೋಗಾಲಯಕ್ಕೆ ಕೊಡುವಿರಾ ಎಂದು ವಿನಯದಿಂದ ಕೇಳಿದಳು. ಕೊಬ್ಬಿನಲ್ಲಿ ಕಾಂಡಕೋಶಗಳೆಂಬ ಜೀವಕೋಶಗಳಿರುತ್ತವಂತೆ. ತಕ್ಕ ಚೌಕಟ್ಟಿನ ಮೇಲೆ ಬೆಳೆಸಿದರೆ ಅವು ಮೂಳೆಯೋ, ಕೀಲಿನ ಮೃದ್ವಸ್ಥಿಯೋ ಆಗಬಲ್ಲವಂತೆ. ಇಷ್ಟು ವರ್ಷ ಕಂಡವರೆಲ್ಲ ನಕ್ಕ ನನ್ನ ಹೊಟ್ಟೆ ಒಂದು ಖಜಾನೆಯೆಂದು ತಿಳಿದು ನಾನು ಬೀಗಿದೆ. "ಹಾಗಾದ್ರೆ ಇವಳ ಮಂಡಿಗೇ ಹಾಕ್ಬಿಡಿ," ಎಂದು ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿದೆ.

ಗೌರಮ್ಮನ ಮಂಡಿ ಸವೆದಿದೆ. ಕಳೆದ ಸಲ ಹಳೇಬೀಡಿಗೆ ಹೋದಾಗ ದೇವಸ್ಥಾನದ ಮೆಟ್ಟಿಲು ಹತ್ತಲಾರದೆ, "ನೀವು ನೋಡ್ಕಂಡ್ ಬನ್ನಿ, ನಾನು ಚಪ್ಪಲಿ ಕಾಯ್ತೀನಿ," ಎಂದು ಕೆಳಗೇ ಕೂತಿದ್ದಳು. ನನಗೆ ಸಂಕಟವಾಗಿ ಅರ್ಧಕ್ಕೇ ಇಳಿದು ಬಂದಿದ್ದೆ.

ಸಂಶೋಧಕಿ ಅಡ್ಡಡ್ಡ ತಲೆಯಾಡಿಸಿ, ಇದು ಸಂಶೋಧನೆಗೆ ಮಾತ್ರ, ಯಾರ ಮಂಡಿಗೂ ಹೋಗುವುದಿಲ್ಲ ಎಂದಳು. ನನ್ನ ಮುಖ ಸಪ್ಪಗಾಯಿತು. ಗೌರಮ್ಮನಿಗೆ ಬೇರೆಯದೇ ಚಿಂತೆ. ನಮ್ಮಲ್ಲಿ ಯಾವ ದಾನವನ್ನೇ ಕೊಡಲಿ, ಜೊತೆಗೆ ಎಲೆಅಡಿಕೆ, ತೆಂಗಿನಕಾಯಿ ಇರಬೇಕು. ಅದರಲ್ಲೂ ನಮಗೆ ಬೇಡವಾದದ್ದನ್ನು ಬರಿದೇ ಕೊಡುವುದುಂಟೆ? ಶಸ್ತ್ರಚಿಕಿತ್ಸೆಯ ದಿನ ಅವಳು ಆ ಹುಡುಗಿಗೆ ಕುಂಕುಮವಿಟ್ಟು, ತಾಂಬೂಲದೊಡನೆ ಸುಲಿದ ಕಾಯಿಯನ್ನು ಕೈಗಿತ್ತಳು. "ನನ್ನ ಮಂಡಿಗೆ ಬರ್ದಿದ್ರೆ ಹೋಗ್ಲಿ ಕಣವ್ವ, ಮುಂದೆ ಇನ್ಯಾರಾದ್ರೂ ಮೆಟ್ಲು ಹತ್ಲಿ. ಆದ್ರೆ ಮೊದ್ಲೇ ಹೇಳಿರ್ತೀನಿ, ಈ ಕೊಬ್ಬು ಬಲು ಸೋಮಾರಿ. ಕೆಲ್ಸ ಹೇಳಿದ್ರೆ ಮಲಗ್ಬಿಡ್ತದೆ," ಎಂದಳು. ಪಾಪ, ಆ ಹುಡುಗಿ ಕಾಯಿಯನ್ನು ಬಿಳಿ ಕೋಟಿನ ಜೇಬಿಗೆ ತುರುಕಲು ಹೆಣಗುತ್ತಿದ್ದಳು.

ಗಾಯ ಮಾಗಿ, ಇನ್ನು ಬಗ್ಗಬಹುದೆಂದು ವೈದ್ಯರು ಹೇಳಿದ ಮೇಲೆ, ಮೊನ್ನೆ ಮತ್ತೆ ಹಳೇಬೀಡಿಗೆ ಹೋಗಿದ್ದೆವು. ಗೌರಮ್ಮ ಕೆಳಗೇ ಕೂತಳು. ಈ ಸಲ ನಾನೂ ಕೂತೆ. ಹೊರಡುವಾಗ ಅವಳು ಮಂಡಿ ಮಡಚಲಾರದೆ ಚಪ್ಪಲಿಯ ಪಟ್ಟಿಗೆ ಕೈ ನಿಲುಕಿಸಲು ಒದ್ದಾಡುತ್ತಿದ್ದಳು. ಎಷ್ಟೋ ವರ್ಷಗಳಿಂದ ನನ್ನ ಪಾದವನ್ನೇ ಕಾಣದಿದ್ದ ನಾನು, ಅವಳ ಪಾದದವರೆಗೆ ಬಗ್ಗಿ ಪಟ್ಟಿ ಹಾಕಿದೆ.

"ಅಯ್ಯೋ, ಬಿಡ್ರೀ, ಜನ ನೋಡ್ತಾರೆ!" ಎಂದಳೇ ಹೊರತು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅರಸೀಕೆರೆಯಲ್ಲಿ ಬಸ್ಸಿಳಿದವನೇ ಜಾರುತ್ತಿದ್ದ ಪ್ಯಾಂಟನ್ನು ಹಿಡಿದುಕೊಂಡು ರಂಗಪ್ಪನ ಮುಂದೆ ನಿಂತೆ. ಅವನು ಬೆಲ್ಟನ್ನು ತಿರುಗಿಸಿ ನೋಡಿ, ಬಕ್ಕಲಿನ ಕಡೆಗೆ ಬೆರಳಿಟ್ಟು ನಕ್ಕ.

"ಈ ಕಡೀಕೆ ಬೇಕಾದಷ್ಟು ತೊಗಲೈತೆ ಬಿಡಿ ಸ್ವಾಮಿ," ಎಂದ.