ಬಾಕಿ ಉಳಿದ ಬಾಗಿಲು

ಆನ್‌ಲೈನ್ ಗೇಮಿನಲ್ಲಿ ಮರ ಕಡಿಯುವಷ್ಟು ದರಿದ್ರ ಕೆಲಸ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಹೌದು, ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಕಾಲೇಜಿನ ದಿನಗಳಿಂದ ಅದೊಂದೇ ಗೇಮ್ ಆಡುತ್ತ ಬಂದವಳು ನಾನು, ಹೇಳುವ ಹಕ್ಕು ನನಗಿದೆ. ಆಡದವರಿಗೂ ತಿಳಿಯಲಿ ಎಂದು ಬಿಡಿಸಿ ಹೇಳುತ್ತೇನೆ. ಅದರೊಳಗೆ ನಮ್ಮದೊಂದು ಗೊಂಬೆಯಂಥ ಮನುಷ್ಯ ಇರುತ್ತಾನೆ. ಅವನನ್ನು ಕಾಡು, ಗುಡ್ಡ, ಊರು ಸುತ್ತಿಸಬಹುದು, ಎಲ್ಲೆಲ್ಲಿಯದೋ ಜನರ ಜೊತೆ ಸೇರಿ ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗಬಹುದು. ಆದರೆ ಯುದ್ಧಕ್ಕೆ ಕತ್ತಿ ಬೇಕು, ಗುರಾಣಿ ಬೇಕು, ಇರಲು ಮನೆ ಬೇಕು. ಅವನ್ನೆಲ್ಲ ಮಾಡಲು ಮರ, ಅದಿರು, ತೊಗಲು ನಾವೇ ಕೂಡಿಸಬೇಕು. ಮರದ ಮುಂದೆ ನಿಂತು ಹೆಬ್ಬೆರಳು ಒತ್ತಿ ಹಿಡಿದರೆ ಒಂದು ಹಸಿರು ಗೆರೆ ಇರುವೆ ಹರಿದ ಹಾಗೆ ನಿಧಾನಕ್ಕೆ ತುಂಬುತ್ತದೆ. ತುಂಬಿದ ಮೇಲೆ ಒಂದು ತುಂಡು ಸಿಗುತ್ತದೆ. ಇಲ್ಲವೇ 'ಏನೂ ಸಿಗಲಿಲ್ಲ' ಎಂದು ಬರುತ್ತದೆ. ಅದರ ಬಾಯಿಗೆ ಮಣ್ಣು ಹಾಕ!

ಸಿಕ್ಕ ತುಂಡನ್ನು ಕೊಯ್ದು ಹಲಗೆ ಮಾಡಬೇಕು. ಅದಕ್ಕೆ ಕಡಿದು ಕಡಿದು ಗಳಿಸಿದ ಕೌಶಲದ ಅಂಕಗಳು ಬೇಕು. ಕಡಿಮೆ ಬಿದ್ದರೆ 'ನಿಮ್ಮ ಕೌಶಲ ಸಾಲದು' ಅನ್ನುತ್ತದೆ. ಸಾಕಷ್ಟಿದ್ದರೂ ಒಮ್ಮೊಮ್ಮೆ ಹಲಗೆ ಕೆಡುತ್ತದೆ. ಯಾಕೆ ಕೆಟ್ಟಿತು ಅಂತ ಕೇಳುವ ಹಾಗಿಲ್ಲ, ಎಲ್ಲ ಅದರ ಮರ್ಜಿ. ರಾಯಚೂರಿನ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ದಿನವಿಡೀ ಲಾರಿ ನಂಬರು, ಚೀಲದ ತೂಕ ಟೈಪು ಮಾಡಿ, ಬೆನ್ನು ಹಿಡಿದುಕೊಂಡು ಮನೆಗೆ ಬಂದವಳು ಮತ್ತೆ ಈ ಬಿಟ್ಟಿ ಚಾಕರಿಗೆ ಕೂರಬೇಕೇ? ಎಷ್ಟೋ ಸಲ ಫೋನನ್ನು ಹಾಸಿಗೆಯ ಮೇಲೆ ಎಸೆದಿದ್ದೇನೆ. ಗೋಡೆಗೆ ಎಸೆಯುವಷ್ಟು ಸಂಬಳ ನನಗಿರಲಿಲ್ಲ.

ಅಪ್ಪ ನನ್ನ ಮನೆಗೆ ಬಂದದ್ದು ಇಂಥ ದಿನಗಳಲ್ಲೇ. ಅವನು ಬಡಗಿ. ದೇವದುರ್ಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ದುಡಿದವನು. ಬಾಗಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. ಮಾನ್ವಿಯಲ್ಲಿ ಒಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಅಲ್ಲಿ ತಲಬಾಗಿಲಿನ ಕೆತ್ತನೆ ಅರ್ಧಕ್ಕೆ ಬಂದಾಗ ಉಳಿ ಹಿಡಿದವನು ಹಿಡಿದಂತೆಯೇ ಕುಸಿದು ಬಿದ್ದ. ಲಕ್ವಾ. ಬಲಗಡೆಯ ಕೈಕಾಲು ಎರಡೂ ಹೋದವು, ಬಾಯಿ ಸೊಟ್ಟಗಾಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಮಾತು ತಿರುಗಿ ಬಂತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಕೈ ಮಾತ್ರ ಬರಲಿಲ್ಲ. ಅವ್ವ ಮೊದಲೇ ತೀರಿಕೊಂಡಿದ್ದಳು, ನಾನೊಬ್ಬಳೇ ಮಗಳು. ಶೆಡ್ಡಿಗೆ ಬೀಗ ಜಡಿದು ಅವನನ್ನು ನನ್ನ ಬಾಡಿಗೆ ಮನೆಗೆ ಕರೆತಂದೆ. ಮಾನ್ವಿಯ ಬಾಗಿಲನ್ನು ಬೇರೆ ಯಾರೋ ಬಡಗಿ ಮುಗಿಸಿಕೊಟ್ಟನಂತೆ. ಆ ಸುದ್ದಿ ಬಂದ ದಿನ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೂ ಏಳಲಿಲ್ಲ.

ಡಾಕ್ಟರು ಬೆರಳಿಗೆ ವ್ಯಾಯಾಮ ಬೇಕೆಂದು ಒಂದು ಮೆತ್ತನೆಯ ಚೆಂಡು ಹಿಚುಕಲು ಕೊಟ್ಟಿದ್ದರು. ಅಪ್ಪ ಅದನ್ನು ಎಡಗೈಯಿಂದ ಎತ್ತಿ ಅಂಗಳಕ್ಕೆ ಒಗೆದ.

"ನಾ ಏನ್ ಕೂಸೇನು? ಚಂಡ ಹಿಡ್ಕೊಂಡು ಕುಂದ್ರಾಕ?"

ಆಗ ನನಗೊಂದು ಉಪಾಯ ಹೊಳೆಯಿತು. ಅದರಲ್ಲಿ ನನ್ನ ಲಾಭವೂ ಇತ್ತು, ಮುಚ್ಚಿಡುವುದೇನು. ನನಗೆ ಮರ ಬೇಕು, ಅವನಿಗೆ ಬೆರಳು ಆಡಬೇಕು. ಹಳೆಯ ಫೋನಿನಲ್ಲಿ ಅವನಿಗೊಂದು ಗೊಂಬೆ ಮಾಡಿಕೊಟ್ಟು, ಕೈಗೆ ಕೊಡಲಿ ಕೊಡಿಸಿ, ಕಾಡಿನಲ್ಲಿ ನಿಲ್ಲಿಸಿದೆ. ಅವನ ಬಲಗೈ ಹೆಬ್ಬೆರಳನ್ನು ನಾನೇ ಎತ್ತಿ ಪರದೆಯ ಮೇಲೆ ಇಟ್ಟೆ.

"ಇದು ಯಾವ ಮರಾ?" ಎಂದು ಕೇಳಿದ.

"ಮರ ಅಷ್ಟ, ಯಪ್ಪಾ. ಅದಕ್ಕ ಹೆಸರಿಲ್ಲ."

"ಬೇವೋ, ಸಾಗವಾನೋ?"

"ಯಾವುದಾದ್ರೇನು? ಒತ್ತು ನೀ."

ಒತ್ತಿದ. ಬೆರಳು ನಡುಗಿ ಜಾರಿತು. ಮತ್ತೆ ಇಟ್ಟೆ. ಬಹಳ ಹೊತ್ತಿನ ಮೇಲೆ ಒಂದು ತುಂಡು ಬಿತ್ತು. ಕಡಿದ ಜಾಗದಲ್ಲೇ ಮರ ಮತ್ತೆ ಎದ್ದು ನಿಂತದ್ದನ್ನು ನೋಡಿ ಅಪ್ಪ ಬೆಚ್ಚಿಬಿದ್ದ. ಹಸಿ ಕಟ್ಟಿಗೆಯನ್ನು ಒಣಗಿಸದೆಯೇ ಹಲಗೆ ಮಾಡಬೇಕು ಎಂದಾಗಂತೂ ನಕ್ಕೇಬಿಟ್ಟ. "ಇದನ್ನ ಮಾಡಿದಾಂವ ಜನ್ಮದಾಗ ಗರಗಸ ಹಿಡದಿಲ್ಲ ಬಿಡು" ಅಂದ. ಬಿದ್ದಾಗಿನಿಂದ ಅವನು ನಕ್ಕದ್ದು ಅದೇ ಮೊದಲು. ಹಲಗೆಯ ಗುಂಡಿ ಒತ್ತಿದಾಗ ಪರದೆಯ ಮೇಲೆ ಅಕ್ಷರ ಮೂಡಿದವು. ಏನದು ಎಂದು ಕೇಳಿದ. ಬಾಯಿ ತಪ್ಪಿ ಓದಿಬಿಟ್ಟೆ: 'ನಿಮ್ಮ ಕೌಶಲ ಸಾಲದು.'

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ದೇವದುರ್ಗದ ಓಣಿ ಓಣಿಯಲ್ಲಿ ಅವನು ಮಾಡಿದ ಬಾಗಿಲುಗಳಿವೆ. ಅಪ್ಪ ತನ್ನ ಬಲಗೈಯನ್ನೇ ನೋಡುತ್ತ, "ಖರೇನ ಹೇಳ್ತದ. ಈ ಕೈಗೆ ಎಲ್ಲೀದು ಕೌಶಲ?" ಅಂದ. ಫೋನ್ ಕೆಳಗಿಡಲಿಲ್ಲ.

ಅಂದಿನಿಂದ ಅವನು ಕಡಿಯುತ್ತಲೇ ಹೋದ. ನಾನು ಮಿಲ್ಲಿಗೆ ಹೋಗುವಾಗ ಕಿಟಕಿಯ ಪಕ್ಕ ಕೂರಿಸಿ ಹೋಗುತ್ತಿದ್ದೆ, ಬರುವಾಗ ಅಲ್ಲೇ ಕಡಿಯುತ್ತ ಇರುತ್ತಿದ್ದ. ನಮ್ಮ ಮನೆಯ ಮಾಲಕಿ ಮೇಲಿನ ಮಹಡಿಯಲ್ಲಿದ್ದಳು, ಓಣಿಯವರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಮಧ್ಯಾಹ್ನ ಅಪ್ಪನಿಗೆ ಊಟ ಬಡಿಸಿ ಹೋಗುವ ಉಪಕಾರ ಅವಳದು. ಬಾಗಿಲಲ್ಲಿ ನಿಂತು, "ಕ್ಯಾ ಭಾಯ್, ಅಬೀ ಭೀ ಲಕ್ಡೀಚ್ ಕಾಟ್ರೇ ಕ್ಯಾ?" ಎಂದು ನಗುತ್ತಿದ್ದಳು. ಇನ್ನೂ ಕಟ್ಟಿಗೆಯೇ ಕಡಿಯುತ್ತಿದ್ದೀಯಾ ಅಂತ. ಅಪ್ಪ ತಲೆ ಎತ್ತದೆ "ಹೌದ್ರಿ" ಅನ್ನುತ್ತಿದ್ದ.

ನನ್ನನ್ನು ಕಂಗೆಡಿಸಿದ್ದು ಅವನ ತಾಳ್ಮೆ. ಬೇರೆ ಆಟಗಾರರು ಬಂದು ಅವನ ಮುಂದಿನ ಮರವನ್ನೇ ಕಡಿದುಕೊಂಡು ಹೋಗುತ್ತಿದ್ದರು. ನಾನು ಹಲ್ಲು ಕಡಿಯುತ್ತಿದ್ದೆ. "ಒಯ್ಯಲಿ ಬಿಡು, ಅವರಿಗೂ ಬೇಕಾಗಿರ್ತದ" ಅನ್ನುತ್ತಿದ್ದ. ಹಲಗೆ ಕೆಟ್ಟರೆ ನಾನು ಗೇಮ್ ಮಾಡಿದವರ ವಂಶವನ್ನೆಲ್ಲ ಶಪಿಸುತ್ತಿದ್ದೆ. ಅವನು ಮತ್ತೆ ಮರದ ಹತ್ತಿರ ಹೋಗಿ ನಿಲ್ಲುತ್ತಿದ್ದ. ಕೈ ಬರಲಿ ಎಂಬ ಹಟ ಇದು ಎಂದುಕೊಂಡು ನಾನು ಒಳಗೊಳಗೇ ಖುಷಿಪಟ್ಟೆ. ಬೆರಳು ನಿಜಕ್ಕೂ ಚೂರು ಗಟ್ಟಿಯಾಗಿತ್ತು, ನಾನು ಎತ್ತಿ ಇಡುವ ಅಗತ್ಯ ಉಳಿದಿರಲಿಲ್ಲ.

ಅಮಾವಾಸ್ಯೆಯ ದಿನ ಮಾತ್ರ ಅವನು ಫೋನ್ ಮುಟ್ಟುತ್ತಿರಲಿಲ್ಲ. ಬಡಗಿಗಳ ಮನೆಯಲ್ಲಿ ಅಮಾವಾಸ್ಯೆಗೆ ಉಪಕರಣ ಎತ್ತುವುದಿಲ್ಲ. ನಾನು ಸಣ್ಣವಳಿದ್ದಾಗ ಅಂದು ಶೆಡ್ಡಿನಲ್ಲಿ ಉಳಿ, ಬಾಚಿ, ಗರಗಸಗಳನ್ನು ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತಿದ್ದರು, ಮುಟ್ಟಿದರೆ ಬೆನ್ನಿಗೆ ಏಟು. ಒಂದು ಅಮಾವಾಸ್ಯೆಯಂದು ನೋಡಿದರೆ ಅಪ್ಪ ಫೋನನ್ನೇ ಮಣೆಯ ಮೇಲಿಟ್ಟು, ಅದರ ಬೆನ್ನಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗುತ್ತಿದ್ದಾನೆ! ನಾನು ಬಿದ್ದು ಬಿದ್ದು ನಕ್ಕೆ. ಅವನು ನಗಲಿಲ್ಲ.

ಒಂದು ದಿನ ನಾನು ಮರ ಕೊಡು ಎಂದಾಗ ಅಪ್ಪ ಕೊಡುವುದಿಲ್ಲ ಅಂದ.

"ಯಾಕ? ನನಗಂತನ ಅಲ್ಲೇನು ನೀ ಕಡಿಯೋದು?"

"ನನಗ ಬೇಕು. ಬಾಗ್ಲ ಮಾಡ್ತೀನಿ."

ಆ ಗೇಮಿನವರು ವರ್ಷಕ್ಕೊಮ್ಮೆ ಒಂದು ಹಬ್ಬ ನಡೆಸುತ್ತಾರೆ. ಕೆಲವು ವಸ್ತುಗಳನ್ನು ಆ ಹಬ್ಬದ ದಿನಗಳಲ್ಲಷ್ಟೇ ಮಾಡಲು ಬಿಡುತ್ತಾರೆ. ಅದರಲ್ಲಿ ಕೆತ್ತನೆಯ ತಲಬಾಗಿಲೂ ಒಂದು. ಅಪ್ಪ ಅದರ ಚಿತ್ರ ನೋಡಿಬಿಟ್ಟಿದ್ದ. ಅದಕ್ಕೆ ಬೇಕಾದ ಹಲಗೆ, ಮೊಳೆ, ಅಂಕಗಳನ್ನು ಲೆಕ್ಕ ಹಾಕಿ ನನ್ನ ತಲೆ ತಿರುಗಿತು. ಎರಡೂ ಕೈ ಗಟ್ಟಿಯಿರುವ ನಾನೇ ಅದಕ್ಕೆ ಕೈ ಹಾಕಿರಲಿಲ್ಲ. "ಆಗೂದಿಲ್ಲ ಯಪ್ಪಾ, ಸುಮ್ನ ಜೀವ ತಿನ್ನಬ್ಯಾಡ" ಅಂದೆ. ಅವನು ಮತ್ತೆ ಕಡಿಯತೊಡಗಿದ.

ಹಬ್ಬ ಬಂತು, ಮುಗಿಯುತ್ತಲೂ ಬಂತು. ಕಡೆಯ ದಿನದ ಹಿಂದಿನ ದಿನ ಭಾನುವಾರ, ನಾನು ಮನೆಯಲ್ಲೇ ಇದ್ದೆ. ಅಂದು ಹಲಗೆಗಳು ಒಂದರ ಮೇಲೊಂದು ಕೆಟ್ಟವು. ಅಪ್ಪ ಚಹಾ ಸಹ ಕುಡಿಯಲಿಲ್ಲ. ಬೆರಳು ಸೋತಾಗ ಎಡಗೈಯಿಂದ ಮಣಿಕಟ್ಟು ಹಿಡಿದು ಒತ್ತುತ್ತಿದ್ದ. ಸಂಜೆಯ ಹೊತ್ತಿಗೆ ಎಲ್ಲವೂ ಕೂಡಿತು. ಚೀಲದೊಳಗೆ ಹಲಗೆ ಅಷ್ಟೂ ಇದ್ದವು, ಮೊಳೆ ಇದ್ದವು, ಅಂಕ ಇತ್ತು. 'ತಯಾರಿಸಿ' ಎಂಬ ಗುಂಡಿ ಹೊಳೆಯಿತು. ಅದೊಂದನ್ನು ಒತ್ತುವುದಷ್ಟೇ ಬಾಕಿ. ಅಷ್ಟರಲ್ಲಿ ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಪಕ್ಕದ ಶಕ್ತಿನಗರದಲ್ಲಿ ಅಷ್ಟೆತ್ತರದ ಚಿಮಣಿಗಳು ಹೊಗೆ ಉಗುಳುತ್ತ ಯಾರ್ಯಾರಿಗೋ ಕರೆಂಟು ಕೊಡುತ್ತವೆ, ನಮ್ಮ ಓಣಿಗೆ ಕತ್ತಲೆ. ನಾನು ಬೈಯದ ಬೈಗುಳ ಉಳಿಯಲಿಲ್ಲ. ಅಪ್ಪ ಫೋನನ್ನು ಎದೆಯ ಮೇಲೆ ಇಟ್ಟುಕೊಂಡು ಕಾದ. ಅಂದು ನೆಟ್‌ವರ್ಕ್ ಬರಲೇ ಇಲ್ಲ.

ಬೆಳಿಗ್ಗೆ ಎದ್ದಾಗ ಎಲ್ಲ ಸರಿಹೋಗಿತ್ತು. ಸಂಜೆಯವರೆಗೆ ಹಬ್ಬ ಇತ್ತು. ಓಡಿ ಹೋಗಿ ಫೋನ್ ಕೊಟ್ಟೆ. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

"ಇವತ್ತ ಅಮಾಸಿ."

ನನ್ನ ಮೈ ಉರಿದುಹೋಯಿತು. "ಯಪ್ಪಾ, ನಿನಗ ತಲಿಗಿಲಿ ಕೆಟ್ಟದೇನು? ಇದೇನ್ ಉಳೀನ, ಬಾಚೀನ? ಬೆರಳಿಲೆ ಒಮ್ಮಿ ಒತ್ತೋದು! ಸಂಜಿ ಆದ್ರ ಬಾಗ್ಲ ಹೋತು. ಇಷ್ಟ ದಿನಾ ಕತ್ತೆ ದುಡದಂಗ ದುಡದದ್ದು ಮಣ್ಣಪಾಲಾಗ್ತದ!"

"ಆಗಲಿ."

"ಹಂಗಾರ ನಾ ಒತ್ತತೀನಿ, ಕೊಡು."

"ನೀ ಒತ್ತಿದ್ರ ನಿಂದಾಗ್ತದ, ನಂದ ಹೆಂಗಾಗ್ತದ? ಮುಟ್ಟಬ್ಯಾಡ."

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ. ಖಾಲಾ ಗಾಬರಿಯಿಂದ ಮೆಟ್ಟಿಲಿಳಿದು ಬಂದಳು. ನನ್ನ ಕೂಗು ಸೋತ ಮೇಲೆ ಅಪ್ಪ ಮೆಲ್ಲಗೆ ಬಾಯಿ ಬಿಟ್ಟ.

"ಮಾನ್ವ್ಯಾಗ ಬಿದ್ನಲ್ಲವ್ವಾ, ಅವತ್ತ ಅಮಾಸಿ ಇತ್ತು. ಮನಿ ಮಾಲಕರು ಗೃಹಪ್ರವೇಶ ಹತ್ರ ಬಂತು, ಇದೊಂದ ದಿನ ಮಾಡ್ರಿ ಅಂತ ಕೈ ಹಿಡದ್ರು. ನಾನೂ ಹೂಂ ಅಂದೆ. ಜನ್ಮದಾಗ ಮೊದ್ಲನೇ ಸಲ ಅಮಾಸಿ ದಿನ ಉಳಿ ಹಿಡದೆ. ಹಿಡದ ಕೈ ಹೋತು."

ಈ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. "ನೀ ಬಿಪಿ ಗುಳಿಗಿ ತಗೋಳೋದ ಬಿಟ್ಟಿದ್ದಿ ಯಪ್ಪಾ, ಅದಕ್ಕ ಹೊಡೀತು. ಡಾಕ್ಟ್ರು ಹೇಳ್ಯಾರಲ್ಲ" ಅಂದೆ.

"ಗುಳಿಗಿ ಬಿಟ್ಟು ವರ್ಷ ಆಗಿತ್ತು. ಮತ್ತ ಅವತ್ತ ಯಾಕ ಬಿದ್ದೆ?"

ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಈ ಕೈ ಬರ್ತದಂತ ನಾ ಕಡಿಯಾಕತ್ತಿಲ್ಲವ್ವಾ. ಇದು ಬರಂಗಿಲ್ಲ, ನನಗ ಗೊತ್ತದ. ಒಂದ ಬಾಗ್ಲ ನನ್ನ ಮ್ಯಾಲ ಬಾಕಿ ಉಳದದ. ಅದನ್ನ ಮುಗಿಸಿ ಹೋಗಬೇಕು. ಅದನ್ನೂ ಅಮಾಸಿ ದಿನ ಮಾಡು ಅಂತೀಯಲ್ಲ."

ಎಷ್ಟು ದಿನ ಅವನ ತಾಳ್ಮೆಯನ್ನು ಹಟ ಅಂದುಕೊಂಡಿದ್ದೆ! ನಾನು ಬೈದು ಬೈದು ಬಿಟ್ಟ ಆ ದರಿದ್ರ ಕೆಲಸವನ್ನು ಅವನು ದಂಡ ತೀರಿಸುವ ಹಾಗೆ ಮಾಡುತ್ತಿದ್ದ. ಮರ ಮತ್ತೆ ಮತ್ತೆ ಎದ್ದು ನಿಂತರೂ, ಹಲಗೆ ಕೆಟ್ಟರೂ ಅವನು ಗೊಣಗದೇ ಇದ್ದದ್ದು ಅದಕ್ಕೇ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಸಂಜೆ ಹಬ್ಬ ಮುಗಿಯಿತು. ಹಲಗೆಗಳು ಚೀಲದಲ್ಲೇ ಉಳಿದವು. ಮರುದಿನ ಪಾಡ್ಯ. ಅಪ್ಪ ಫೋನ್ ಕೇಳಿ ಪಡೆದು ಮತ್ತೆ ಕಾಡಿಗೆ ಹೋದ.

"ಇನ್ನ್ಯಾಕ ಯಪ್ಪಾ? ಎಲ್ಲಾ ಕೂಡೇದಲ್ಲ" ಎಂದೆ.

"ಇರಲಿ. ಸುಮ್ನ ಕುಂತು ಏನ್ ಮಾಡ್ಲಿ?"

ಬೇಸಿಗೆಯಲ್ಲಿ ಎರಡನೇ ಸಲ ಲಕ್ವಾ ಹೊಡೆಯಿತು. ಈ ಸಲ ಮಾತು ಪೂರ್ತಿ ಹೋಯಿತು. ಬಲಗೈ ಹಾಸಿಗೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಗಂಜಿಯನ್ನು ಚಮಚದಲ್ಲಿ ಬಾಯಿಗೆ ಹಾಕಬೇಕು, ಮಗ್ಗುಲು ನಾವೇ ತಿರುಗಿಸಬೇಕು. ಕಣ್ಣು ಮಾತ್ರ ಜೀವಂತ. ಫೋನ್ ಮೇಜಿನ ಮೇಲೆ ಧೂಳು ಹಿಡಿಯಿತು. ನಾನೂ ಗೇಮ್ ಬಿಟ್ಟಿದ್ದೆ.

ಆದರೂ ಹಬ್ಬ ಮತ್ತೆ ಬರುತ್ತದೆಂದು ನನಗೆ ನೆನಪಿತ್ತು. ಬಂದ ದಿನ ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು. ಆ ಸಲದ ಹಬ್ಬದಲ್ಲಿ ಅಮಾವಾಸ್ಯೆ ಎಲ್ಲೂ ಬರುತ್ತಿರಲಿಲ್ಲ. ಫೋನ್ ಒರೆಸಿ ತೆರೆದೆ. ಅಪ್ಪನ ಗೊಂಬೆ ಕೊಡಲಿ ಹಿಡಿದು ಮರದ ಪಕ್ಕದಲ್ಲೇ ನಿಂತಿತ್ತು. ಚೀಲದಲ್ಲಿ ಎಲ್ಲವೂ ಇಟ್ಟ ಹಾಗೇ ಇತ್ತು. ಗುಂಡಿ ಹೊಳೆಯುತ್ತಿತ್ತು.

ದಿಂಬು ಕೊಟ್ಟು ಅವನನ್ನು ಕೂರಿಸಿದೆ. ಫೋನನ್ನು ಅವನ ತೊಡೆಯ ಮೇಲೆ ನಾನು ಹಿಡಿದುಕೊಂಡೆ. ಬಲಗೈ ಹೆಬ್ಬೆರಳನ್ನು ಎತ್ತಿ ಗುಂಡಿಗೆ ತಾಗಿಯೂ ತಾಗದ ಹಾಗೆ ಇಟ್ಟೆ.

"ಯಪ್ಪಾ, ಇವತ್ತ ಅಮಾಸಿ ಇಲ್ಲ. ನೋಡೀನಿ. ಒತ್ತು."

ಅವನ ಕಣ್ಣು ಪರದೆಗೆ ನೆಟ್ಟಿತು. ಕುತ್ತಿಗೆಯ ನರ ಬಿಗಿಯಿತು, ಹಣೆಯಲ್ಲಿ ಬೆವರು ಮೂಡಿತು. ಬೆರಳು ಕದಲಲಿಲ್ಲ. ಪರದೆ ತಾನೇ ಆರಿತು. ಮತ್ತೆ ಬೆಳಗಿಸಿದೆ, ಮತ್ತೆ ಇಟ್ಟೆ. ಮತ್ತೆ ಆರಿತು. ಹಬ್ಬ ಇದ್ದಷ್ಟು ದಿನ ಮಿಲ್ಲಿನಿಂದ ಬಂದು ಇದೇ ಕೆಲಸ. ಖಾಲಾಗೆ ನೋಡಲಾಗಲಿಲ್ಲ. "ತೂಚ್ ದಬಾ ದೇ, ಬೇಟಿ" ಅಂದಳು, ನೀನೇ ಒತ್ತಿಬಿಡು ಅಂತ. ಎಷ್ಟು ಸುಲಭ! ಅವನ ಬೆರಳ ಮೇಲೆ ನನ್ನ ಬೆರಳಿನ ಭಾರ ಬಿಟ್ಟರೆ ಸಾಕಿತ್ತು. ಮುಟ್ಟಬ್ಯಾಡ ಅಂದಿದ್ದ. ನಾನು ಒತ್ತಲಿಲ್ಲ.

ಕಡೆಯ ದಿನ ಮಿಲ್ಲಿಗೆ ರಜೆ ಹಾಕಿ ಅವನ ಪಕ್ಕದಲ್ಲೇ ಕೂತೆ. ಸಂಜೆ 'ಹಬ್ಬ ಮುಗಿದಿದೆ' ಎಂಬ ಅಕ್ಷರ ಬಂತು. ಅವನ ಬೆರಳ ಕೆಳಗೇ ಗುಂಡಿ ಬೂದು ಬಣ್ಣಕ್ಕೆ ತಿರುಗಿತು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಕುತ್ತಿಗೆಯ ನರ ಬಿಗಿದುಕೊಂಡು ಅವನು ಇನ್ನೂ ಒತ್ತಲು ನೋಡುತ್ತಲೇ ಇದ್ದ.