ಅವರ ಮುಖ ನೋಡಿ ಆರಿಸಿದ ಬಿಲ್ಲು

ನನ್ನ ಗಂಡನಿಗೆ ಎಲ್ಲಾದರೂ ನೋವಾದರೆ ಬಾಯಿ ಬಿಟ್ಟು ಹೇಳುವ ಅಭ್ಯಾಸವೇ ಇಲ್ಲ. ಮದುವೆಯಾದ ಹೊಸದರಲ್ಲೇ ಇದು ನನಗೆ ಗೊತ್ತಾಗಿತ್ತು. ಹಲ್ಲು ಕೀಳಿಸಿಕೊಂಡು ಬಂದ ದಿನವೂ ‘ಏನಿಲ್ಲ ಕಣೆ, ಚೆನ್ನಾಗೇ ಇದೀನಿ’ ಎಂದು ಚಕ್ಕುಲಿ ಡಬ್ಬಕ್ಕೆ ಕೈ ಹಾಕಿದ ಮಹಾನುಭಾವ. ಆದರೆ ಅವರ ಮುಖಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ನೋವಾದಾಗ ಎಡಗಣ್ಣು ಒಂಚೂರು ಸಣ್ಣದಾಗುತ್ತದೆ, ಕೆಳತುಟಿ ಒಳಗೆ ಹೋಗುತ್ತದೆ. ಬೇರೆಯವರಿಗೆ ಅದು ಕಾಣುವುದೇ ಇಲ್ಲ. ನನಗೆ ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತದೆ. ಆ ಒಂದು ವಿಷಯದಲ್ಲಿ ನನಗೆ ಬಹಳ ಜಂಭ ಇತ್ತು.

ಹೋದ ಚಳಿಗಾಲ, ಅಮೆರಿಕದ ನೋವೈ ಎಂಬ ಊರಿನಲ್ಲಿರುವ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಕಸದ ಡಬ್ಬ ಎಳೆದುಕೊಂಡು ಹೋಗುವಾಗ ಐಸ್ ಮೇಲೆ ಜಾರಿ ಬಿದ್ದರು. ಐಸ್ ಕರಗಲಿ, ಉಪ್ಪು ಹಾಕಿ, ಉಪ್ಪು ಹಾಕಿ ಎಂದು ಹಿಂದಿನ ದಿನವೆಲ್ಲ ಬಡಕೊಂಡಿದ್ದೆ, ಕಿವಿ ಮೇಲೆ ಹಾಕಿಕೊಂಡರೆ ತಾನೆ! ಬಲ ಭುಜದ ಒಳಗೆ ಸ್ನಾಯು ಹರಿಯಿತು. ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದರು. ‘ಇನ್ನೊಂದು ಸಲ ಹರಿದರೆ ಹೊಲಿಗೆ ನಿಲ್ಲುವುದು ಕಷ್ಟ, ಆಮೇಲೆ ಈ ಕೈಯನ್ನು ಮೇಲೆತ್ತುವ ಆಸೆ ಬಿಟ್ಟುಬಿಡಿ’ ಎಂದು ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅಷ್ಟರಲ್ಲಿ ಮನೆಯಲ್ಲಿ ಅವರ ಕೆಲಸಗಳೆಲ್ಲ ಒಂದೊಂದಾಗಿ ಬೇರೆಯವರ ಪಾಲಾದವು. ಹುಲ್ಲು ಕತ್ತರಿಸಲು ಆಳು ಬಂದ. ಕಸದ ಡಬ್ಬ ಹೈಸ್ಕೂಲಿನ ಮಗಳ ಕೈಗೆ ಹೋಯಿತು. ಡ್ರೈವಿಂಗ್ ನನ್ನದಾಯಿತು, ಕಾರು ಕಂಪನಿಯಲ್ಲಿ ಬ್ರೇಕ್ ಡಿಸೈನ್ ಮಾಡುವ ಎಂಜಿನಿಯರ್ ಪಕ್ಕದ ಸೀಟಿನಲ್ಲಿ ಕೂತು ನನ್ನ ಬ್ರೇಕ್‌ಗೆ ಹೆಸರಿಡುವುದಷ್ಟೇ ಉಳಿಯಿತು. ಬರಬರುತ್ತಾ ಅದನ್ನೂ ನಿಲ್ಲಿಸಿದರು. ಸಂಜೆ ಬಂದು ಬೇಸ್‌ಮೆಂಟಿಗೆ ಇಳಿದರೆ ಊಟಕ್ಕೆ ಕರೆದಾಗಲೇ ಮೇಲೆ ಬರುವುದು. ಗೊಣಗಾಟ ಇಲ್ಲದ ಮನೆ ನನಗೆ ಭಯ ಹುಟ್ಟಿಸತೊಡಗಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಮೇಲೆ ಬಂದು, ‘ಈ ಸಲಾನೂ ಬೇಟೆಗೆ ಹೋಗ್ತೀನಿ’ ಎಂದರು.

ನಮ್ಮದು ಮಂಡ್ಯ ಕಡೆ, ಮಾಂಸ ತಿನ್ನುವ ಮನೆ. ಆದರೂ ಬೇಟೆ ನಮ್ಮ ಕುಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವರಿಗೆ ಕಲಿಸಿದ್ದು ಆಫೀಸಿನ ಒಬ್ಬ ಹಿರಿಯ ಅಮೆರಿಕನ್. ಪ್ರತಿ ಅಕ್ಟೋಬರ್‌ನಲ್ಲಿ ಇಬ್ಬರೂ ಬಿಲ್ಲು ಹಿಡಿದು ಉತ್ತರದ ಕಾಡಿಗೆ ಹೋಗುತ್ತಾರೆ. ಜಿಂಕೆ ಸಿಕ್ಕ ವರ್ಷ ನಾನು ಅದಕ್ಕೆ ಕೊತ್ತಂಬರಿ ಬೀಜ, ಚಕ್ಕೆ ಹುರಿದು ರುಬ್ಬಿ ಸಾರು ಮಾಡಿ, ಮುದ್ದೆ ಕಟ್ಟುತ್ತೇನೆ. ಆ ಭಾನುವಾರ ನಮ್ಮ ಬೇಸ್‌ಮೆಂಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಂಸ ಮುಟ್ಟದ ಪುಳಿಚಾರಿನವರೂ ಮೊಸರನ್ನ ತಿನ್ನಲು ಬರುತ್ತಾರೆ, ಇವರ ಕಾಡಿನ ಬಡಾಯಿ ಕೇಳಲು. ವರ್ಷವಿಡೀ ಮೀಟಿಂಗ್‌ನಲ್ಲಿ ತಲೆ ಅಲ್ಲಾಡಿಸುವ ಮನುಷ್ಯ ಅವತ್ತು ನಿಂತು, ಕೈ ಬೀಸಿ, ದನಿ ಇಳಿಸಿ ಕಥೆ ಹೇಳುವುದನ್ನು ನೋಡಬೇಕು.

ಹಾಗಾಗಿ ಬೇಡ ಎನ್ನಲು ಬಾಯಿ ಬರಲಿಲ್ಲ. ಹಳೆಯ ಬಿಲ್ಲನ್ನು ಎಳೆಯುವ ಮಾತೇ ಇರಲಿಲ್ಲ, ಅದು ಬಲು ಬಿಗಿ. ಹಗುರವಾದ ಹೊಸದು ಬೇಕಿತ್ತು. ಡಾಕ್ಟರನ್ನು ಕೇಳಿದಾಗ, ಹಗುರದ್ದಾದರೆ ಎಳೆಯಬಹುದು, ಆದರೆ ನೋವು ಬಂತೋ ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಮುಂದೆ ಹೋದರೆ ಹರಿಯುತ್ತದೆ ಎಂದರು. ಕೇಳಿ ನನಗೆ ನಗು ಬಂತು. ನೋವು ಬಂದರೆ ಇವರು ಹೇಳುತ್ತಾರೆಯೇ! ‘ಅಂಗಡಿಗೆ ನಾನೂ ಬರ್ತೀನಿ’ ಎಂದೆ. ‘ನೀನ್ಯಾಕೆ ಅಲ್ಲಿಗೆ?’ ಎಂದರು. ‘ಬಿಲ್ಲು ನೀವು ನೋಡಿ, ನಿಮ್ಮನ್ನ ನಾನು ನೋಡ್ತೀನಿ’ ಎಂದೆ.

ಅಂಗಡಿಯ ಗೋಡೆ ತುಂಬ ಜಿಂಕೆಗಳ ತಲೆ, ಎಲ್ಲವೂ ನನ್ನನ್ನೇ ದಿಟ್ಟಿಸುತ್ತಿದ್ದವು. ಗಡ್ಡದ ಅಂಗಡಿಯವನು ಭುಜದ ಕಥೆ ಕೇಳಿದವನೇ ಕ್ರಾಸ್‌ಬೋ ಒಂದನ್ನು ತಂದು ಮೇಜಿನ ಮೇಲಿಟ್ಟ. ಬಂದೂಕಿನ ಮೇಲೆ ಬಿಲ್ಲನ್ನು ಅಡ್ಡ ಮಲಗಿಸಿದಂತಿತ್ತು. ಪಕ್ಕದ ಹಿಡಿ ತಿರುಗಿಸಿದರೆ ಹೆದೆ ತಾನಾಗಿ ಹಿಂದಕ್ಕೆ ಬಂದು ಕೂರುತ್ತದೆ, ಆಮೇಲೆ ಬಂದೂಕಿನ ಹಾಗೆ ಕುದುರೆ ಒತ್ತಿದರಾಯಿತು, ಭುಜಕ್ಕೆ ಕೆಲಸವೇ ಇಲ್ಲ. ನನಗೋ ಅಲ್ಲೇ ಕೈ ಮುಗಿಯುವ ಹಾಗಾಯಿತು. ಇವರು ಅದನ್ನು ಮುಟ್ಟಲೂ ಇಲ್ಲ. ‘ಇದು ಬಿಲ್ಲಾ? ಬಂದೂಕಿನ ತಮ್ಮ’ ಎಂದು ನನಗೆ ಕನ್ನಡದಲ್ಲಿ ಹೇಳಿ, ಅವನಿಗೆ ಇಂಗ್ಲಿಷಿನಲ್ಲಿ ಬೇಡ ಎಂದರು.

ಆಮೇಲೆ ಅವನು ಎರಡು ತುದಿಗೂ ಸಣ್ಣ ಗಾಲಿ ಇರುವ ಬಿಲ್ಲುಗಳನ್ನು ಇಳಿಸಿದ. ಅವುಗಳಲ್ಲಿ ಶುರುವಿನ ಎಳೆತ ಭಾರ, ಪೂರ್ತಿ ಎಳೆದ ಮೇಲೆ ಹಗುರ. ತೀರಾ ಕಡಿಮೆ ಮಾಡಿ ಕೊಡಿ ಎಂದು ನಾನು ಪೀಡಿಸಿದೆ. ಅವನು ಒಪ್ಪಲಿಲ್ಲ. ಎಳೆತ ನಲವತ್ತು ಪೌಂಡ್‌ಗಿಂತ ಇಳಿಸಿದರೆ ಬಾಣ ಆಳಕ್ಕೆ ಹೋಗದು, ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ನರಳಿಕೊಂಡು ಸಾಯುತ್ತದೆ ಎಂದ. ಅದು ನನಗೂ ಬೇಡವಾಗಿತ್ತು. ಇವರನ್ನು ಕುರ್ಚಿ ಮೇಲೆ ಕೂರಿಸಿ, ಬಿಲ್ಲನ್ನು ನೇರ ಮುಂದಕ್ಕೆ ಹಿಡಿದು ನಿಧಾನವಾಗಿ ಎಳೆಯಲು ಹೇಳಿದ. ಬಿಲ್ಲನ್ನು ಆಕಾಶಕ್ಕೆತ್ತಿ, ಮೈಯೆಲ್ಲ ಕೊಂಕಿಸಿ ಎಳೆಯಬೇಕಾಗಿ ಬಂದರೆ ಅದು ನಮ್ಮ ತೂಕದ್ದಲ್ಲ ಅಂತ ಲೆಕ್ಕವಂತೆ.

ನಾನು ಪಕ್ಕದಲ್ಲಿ ನಿಂತು ಕಣ್ಣು ಮಿಟುಕಿಸದೆ ಆ ಮುಖವನ್ನೇ ನೋಡಿದೆ. ಹೆದೆ ಬಂತು, ಮೊಣಕೈ ಹಿಂದೆ ಹೋಯಿತು, ಭುಜ ತಿರುಗಿತು. ಎಡಗಣ್ಣು ಇದ್ದ ಹಾಗೇ ಇತ್ತು. ತುಟಿ ಇದ್ದಲ್ಲೇ ಇತ್ತು. ಮತ್ತೆ ಎಳೆಸಿದೆ. ಸಾಲದೆ ಇನ್ನೊಮ್ಮೆ ಎಳೆಸಿದೆ. ಅಂಗಡಿಯವನಿಗೆ ಅರ್ಥವಾಗಿತ್ತು ಅಂತ ಕಾಣುತ್ತದೆ, ಕೊನೆಗೆ ಅವರನ್ನು ಬಿಟ್ಟು ನನ್ನ ಕಡೆಗೇ ತಿರುಗಿ ‘ಇದು ಆಗಬಹುದೇ?’ ಎಂದು ಕೇಳಿದ. ‘ಯೆಸ್’ ಎಂದೆ, ಗಟ್ಟಿಯಾಗಿ. ವಾಪಸ್ ಬರುವಾಗ ಫ್ರೀವೇಯಲ್ಲಿ ಇವರು ನನ್ನ ಬ್ರೇಕ್‌ಗೆ ಮತ್ತೆ ಹೆಸರಿಟ್ಟರು. ಸಂತೋಷಕ್ಕೆ ನನಗೆ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದ ಮೇಲೆ ‘ಹಿತ್ತಲಲ್ಲಿ ಒಂದು ಸಲ ಎಳೆದು ತೋರಿಸಿ, ಮಗಳೂ ನೋಡ್ಲಿ’ ಎಂದೆ.

‘ಆಯುಧ ಪೂಜೆ ಹತ್ರಾನೇ ಬಂತಲ್ಲ ಕಣೆ. ಹೊಸ ಆಯುಧ, ಪೂಜೆ ಆಗ್ದೆ ಮುಟ್ಟಬಾರದು’ ಎಂದು ಡಬ್ಬ ಸಮೇತ ಗರಾಜಿನ ಅಟ್ಟಕ್ಕೆ ಹಾಕಿಸಿದರು.

ನನಗೆ ಆಶ್ಚರ್ಯ. ಕಾರು ಕೊಂಡಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದಕ್ಕೂ ಇವರನ್ನು ಗೋಗರೆಯಬೇಕು, ದೇವರ ಮುಂದೆ ದೀಪ ಹಚ್ಚಿದ್ದನ್ನು ನಾನು ಕಂಡಿಲ್ಲ. ‘ಏನ್ರೀ, ಭುಜದ ಜೊತೆ ಭಕ್ತೀನೂ ಹೊಲ್ದು ಕಳ್ಸಿದ್ರಾ ಡಾಕ್ಟ್ರು?’ ಎಂದು ರೇಗಿಸಿದೆ. ಅವರು ನಕ್ಕರು. ಸದ್ಯ, ಬಿದ್ದ ಮೇಲಾದರೂ ದೇವರು ನೆನಪಾದನಲ್ಲ ಎಂದುಕೊಂಡೆ.

ಆಯುಧ ಪೂಜೆಯ ದಿನ ಬೆಳಿಗ್ಗೆ ಎರಡು ಕಾರನ್ನೂ ತೊಳೆದು ಡ್ರೈವ್‌ವೇಯಲ್ಲಿ ನಿಲ್ಲಿಸಿದೆವು. ನಡುವೆ ಮಣೆ ಹಾಕಿ ಅದರ ಮೇಲೆ ಬಿಲ್ಲು, ಇವರ ಸ್ಪ್ಯಾನರ್‌ಗಳು, ನನ್ನ ಮಿಕ್ಸಿ, ಮಗಳ ಲ್ಯಾಪ್‌ಟಾಪ್. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟೆ. ಪೂಜೆ ಮುಗಿಯುವವರೆಗೂ ಯಾರೂ ಏನೂ ತಿನ್ನಬಾರದು ಎನ್ನುವುದು ನನ್ನ ಕಟ್ಟುನಿಟ್ಟು, ಇವರಿಗೂ ಕಾಫಿ ಕೊಟ್ಟಿರಲಿಲ್ಲ. ಇಂಡಿಯನ್ ಗ್ರಾಸರಿಯಲ್ಲಿ ನಾನೇ ಆರಿಸಿ ತಂದಿದ್ದ ಬೂದುಗುಂಬಳ ಮಗುವಿನಷ್ಟು ದಪ್ಪ ಇತ್ತು. ಅದನ್ನು ಕೊರೆದು ಕುಂಕುಮ ತುಂಬಿ ಮೇಲೆ ಕರ್ಪೂರ ಇಟ್ಟೆ. ಎದುರು ಮನೆಯಾಕೆ ನಾಯಿ ಹಿಡಿದುಕೊಂಡು ಹೋಗುತ್ತಾ, ಕುಂಬಳಕಾಯಿ ಕೊರೆಯುವ ತಮ್ಮ ಹಬ್ಬವೇ ಇದು ಅಂದುಕೊಂಡು ‘ಹ್ಯಾಪಿ ಹ್ಯಾಲೋವೀನ್’ ಎಂದಳು. ಪ್ರತಿ ವರ್ಷವೂ ಹಾಗೇ ಅನ್ನುತ್ತಾಳೆ, ನಾವೂ ‘ಸೇಮ್ ಟು ಯು’ ಅನ್ನುತ್ತೇವೆ.

ಕುಂಬಳಕಾಯಿ ಇಳಿ ತೆಗೆದು ಒಡೆಯುವುದು ಯಾವಾಗಲೂ ಮನೆಯ ಯಜಮಾನರ ಕೆಲಸ. ‘ಮಗಳು ಮಾಡ್ಲಿ ಬಿಡಿ’ ಎಂದೆ. ‘ಯಾಕೆ, ನಾನು ಸತ್ತಿದೀನಾ?’ ಎಂದರು. ಹಬ್ಬದ ದಿನ ಆಡುವ ಮಾತೇ ಇದು ಎಂದು ಬೈದು ಕರ್ಪೂರ ಹಚ್ಚಿದೆ. ಎರಡೂ ಕೈಯಲ್ಲಿ ಕಾಯಿ ಹಿಡಿದು ಎದೆಯವರೆಗೆ ತಂದರು. ಅಲ್ಲಿಂದ ಮೇಲಕ್ಕೆ ಎತ್ತಿದರು, ಅಷ್ಟೇ. ಬಲಗೈ ಸತ್ತಂತೆ ಕೆಳಗೆ ಬಿತ್ತು. ಕಾಯಿ ಉರಿಯುವ ಕರ್ಪೂರದ ಸಮೇತ ಜಾರಿ ಕಾರಿನ ಬಾನೆಟ್ಟಿಗೆ ತಗುಲಿ, ಒಡೆಯದೆ ಉರುಳಿಕೊಂಡು ಹುಲ್ಲಿಗೆ ಹೋಯಿತು. ಮಗಳು ‘ಡ್ಯಾಡ್!’ ಎಂದು ಕಿರುಚಿದಳು. ಆಗ ನಾನು ಅವರ ಮುಖ ನೋಡಿದೆ. ಎಡಗಣ್ಣು ಪೂರ್ತಿ ಮುಚ್ಚಿತ್ತು.

ಒಳಗೆ ಕರೆದುಕೊಂಡು ಹೋಗಿ ಅಡಿಗೆಮನೆ ಕುರ್ಚಿಯಲ್ಲಿ ಕೂರಿಸಿ ಭುಜಕ್ಕೆ ಐಸ್ ಇಟ್ಟೆ.

‘ನೋವಿದೆ’ ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಆವತ್ತೇ.

‘ಅಂಗಡೀಲಿ ಇರ್ಲಿಲ್ವಲ್ಲ ರೀ! ನಾನು ನೋಡ್ತಾನೇ ಇದ್ನಲ್ಲ!’

‘ಹೊರಡೋ ಮುಂಚೆ ಮಾತ್ರೆ ನುಂಗಿದ್ದೆ, ಆಪರೇಷನ್ ಟೈಮ್‌ನಲ್ಲಿ ಕೊಟ್ಟಿದ್ದು. ನೀನು ಮುಖ ನೋಡ್ತೀಯ ಅಂತ ಗೊತ್ತಿತ್ತಲ್ಲ.’

‘ಬೇರೆ ದಿನ?’

‘ನೀನು ಏಳೋಕ್ ಮುಂಚೆ, ತಿಂಡಿ ಡಬ್ಬದಿಂದ ಎರಡು ಬಿಸ್ಕತ್ತು ತಿಂದು ತಗೋತಿದ್ದೆ. ಇವತ್ತು ಉಪವಾಸ ಅಂದ್ಯಲ್ಲ. ಖಾಲಿ ಹೊಟ್ಟೆಗೆ ಆಗಲ್ಲ ಅದು.’

ಗರಾಜಿನ ಅಟ್ಟ ನೆನಪಾಯಿತು. ಪೂಜೆ ಆಗದೆ ಮುಟ್ಟಬಾರದು ಎಂದಿದ್ದೂ ಅದಕ್ಕೇ, ಮಾತ್ರೆಯ ಗುಣ ಇಳಿದ ಮೇಲೆ ಹಿತ್ತಲಲ್ಲಿ ನನ್ನೆದುರು ಎಳೆಯುವುದು ತಪ್ಪಲಿ ಎಂದು. ದೇವರನ್ನೂ ಬಿಡಲಿಲ್ಲವಲ್ಲ ಈ ಮನುಷ್ಯ! ಮೈಯೆಲ್ಲ ಉರಿದುಹೋಯಿತು. ‘ನನ್ನನ್ನ ಎದುರಿಗೆ ನಿಲ್ಸಿಕೊಂಡು ಮಂಗ ಮಾಡಿದ್ರಲ್ಲ! ಯೆಸ್ ಅಂತ ನನ್ನ ಬಾಯಲ್ಲೇ ಹೇಳ್ಸಿದ್ರಲ್ಲ! ಆ ಭುಜ ಹೋಗಿದ್ರೆ ನನ್ನ ಕೈಯಾರೆ ಹೋಗ್ತಿತ್ತು, ಗೊತ್ತಾ ನಿಮಗೆ?’ ಎಂದು ಕೂಗಾಡಿದೆ. ಮಗಳು ಬಾಗಿಲಲ್ಲಿ ನಿಂತಿದ್ದಳು, ಅದಕ್ಕೂ ನಾಚಿಕೆಯಾಗಲಿಲ್ಲ.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಐಸ್ ಪ್ಯಾಕನ್ನು ಎಡಗೈಗೆ ತೆಗೆದುಕೊಂಡು, ‘ಕಸದ ಡಬ್ಬಾನೂ ನನ್ನ ಕೈಲಿಲ್ಲ. ಇದೂ ಹೋದ್ರೆ ನಾನು ಏನಂತ ಇರ್ಲಿ, ಹೇಳು?’ ಎಂದರು. ಹೊರಗೆ ಹೋಗಿ ಹುಲ್ಲಿನಲ್ಲಿದ್ದ ಕುಂಬಳಕಾಯಿಯನ್ನು ಎತ್ತಿ ನಾನೇ ಒಡೆದು ಬಂದೆ.

ಸ್ಕ್ಯಾನ್‌ನಲ್ಲಿ ಭುಜ ಮತ್ತೆ ಹರಿದಿರಲಿಲ್ಲ, ಊದಿಕೊಂಡಿತ್ತು. ಆ ಬಿಲ್ಲನ್ನು ಕಾಡಿನಲ್ಲಿ ಎಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರ್. ಉಳಿದ ಮಾತ್ರೆಗಳನ್ನು ಇವರೇ ತಂದು ನನ್ನ ಕೈಗೆ ಕೊಟ್ಟರು. ಎಲ್ಲವನ್ನೂ ಕೊಟ್ಟರೇ ಎಂದು ನಾನು ಕೇಳಲಿಲ್ಲ. ಕೇಳಬೇಕು ಅನ್ನಿಸಿತ್ತು.

ಊತ ಇಳಿದ ಮೇಲೆ, ಅವರೇ ‘ನಡಿ, ಆ ಬಂದೂಕಿನ ತಮ್ಮನ್ನ ನೋಡ್ಕೊಂಡು ಬರೋಣ’ ಎಂದರು. ಬಿಲ್ಲಿನ ಮೇಲಿದ್ದ ಕುಂಕುಮ ಒರೆಸಿ, ವಾಪಸ್ ಕೊಡಲು ಡಬ್ಬಕ್ಕೆ ಹಾಕಿ ಹೊರಟೆವು. ಗಡ್ಡದವನು ಏನೂ ಕೇಳದೆ ಕ್ರಾಸ್‌ಬೋ ತಂದು ಮೇಜಿಗೆ ಒರಗಿಸಿ ಇಟ್ಟ. ಇವರು ಎಡಗೈಯಲ್ಲಿ ಹಿಡಿ ತಿರುಗಿಸಿದರು. ಹೆದೆ ಕಟಕಟ ಎನ್ನುತ್ತಾ ಹಿಂದಕ್ಕೆ ಬಂದು ಕೂತಿತು. ಆಮೇಲೆ ಅದನ್ನೆತ್ತಿ ಬಲ ಭುಜಕ್ಕೆ ಒರಗಿಸಿ, ಗೋಡೆಯ ಕಡೆ ಗುರಿ ಹಿಡಿದು ನಿಂತರು.

‘ನೋವಾಗ್ತಿದೆಯಾ ರೀ?’

‘ಇಲ್ಲ.’

‘ಬೆಳಿಗ್ಗೆ ಮಾತ್ರೆ?’

‘ತಗೊಂಡಿಲ್ಲ ಕಣೆ, ನಿನ್ನಾಣೆ.’

ಎಡಗಣ್ಣು ನೋಡಿದೆ, ಸರಿಯಾಗೇ ಇತ್ತು. ತುಟಿ ನೋಡಿದೆ, ಅದೂ ಸರಿಯಾಗೇ ಇತ್ತು. ಅಂಗಡಿಯವನು ಹೋದ ಸಲದ ಅಭ್ಯಾಸದ ಮೇಲೆ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ, ‘ಇದು ಆಗಬಹುದೇ?’ ಎಂದು ಕೇಳಿದ.

‘ಅವರನ್ನೇ ಕೇಳಿ, ನನಗೆ ಗೊತ್ತಾಗಲ್ಲ’ ಎಂದೆ.